ದೊರೆಗೆ ಹಿತ್ತಲಲ್ಲೊಂದು ಮನೆ

ಮನೆಯಿಂದ,
ತಾರೀಕು ೧೪, ಭಾನುವಾರ, ಮಧ್ಯಾಹ್ನದ ಊಟ ಮುಗಿಸಿ

ಪ್ರೀತಿಯ ಇವಳೇ,

ಮೂವತ್ತೊಂದು ವರ್ಷ ‘ಇವಳೇ’ ಎಂದೇ ಕೂಗಿಕೊಂಡು ಬಂದವನು ಕಾಗದದಲ್ಲಿ ಮಾತ್ರ ಹೊಸ ಹೆಸರು ಎಲ್ಲಿಂದ ತರಲಿ? ಹೇಗಿದ್ದೀಯ? ಉಸಿರು ಹೇಗಿದೆ, ಮೊದಲು ಅದನ್ನು ಹೇಳು. ಬೆಳಿಗ್ಗೆ ಎದ್ದ ಕೂಡಲೇ ಎದೆಯೊಳಗೆ ಕೇಳುತ್ತಿದ್ದ ಆ ಸಿಳ್ಳೆ ಪೂರ್ತಿ ನಿಂತಿತೋ, ಇಲ್ಲ ಆಗಾಗ ಬಂದು ಮುಖ ತೋರಿಸಿ ಹೋಗುತ್ತದೋ? ಇನ್‌ಹೇಲರ್ ಪಫ್ ಎಳೆದುಕೊಂಡ ಮೇಲೆ ಬಾಯಿ ಮುಕ್ಕಳಿಸುತ್ತಿದ್ದೀಯ ತಾನೇ? ಡಾಕ್ಟರಮ್ಮ ಅದನ್ನು ಎರಡು ಸಲ ಹೇಳಿದ್ದರು, ನೀನು ಎರಡು ಸಲವೂ ಕಿಟಕಿಯ ಕಡೆ ನೋಡುತ್ತಿದ್ದೆ. ಮೊನ್ನೆ ನಿನ್ನ ತಂಗಿ ಫೋನಿನಲ್ಲಿ, “ಭಾವ, ಅಕ್ಕ ಈಗ ಹದಿನೆಂಟು ಮೆಟ್ಟಿಲನ್ನೂ ನಿಲ್ಲದೆ ಹತ್ತುತಾಳೆ” ಎಂದಾಗ ನನಗೆ ಎಷ್ಟು ಹಗುರವಾಯಿತೆಂದರೆ, ಬಸ್ ಡಿಪೋದ ಟೈರು ರಾಶಿಯ ಮೇಲೆ ಹಾಗೇ ಕುಳಿತುಬಿಟ್ಟೆ. ನಾನು ಚೆನ್ನಾಗಿದ್ದೇನೆ. ನನ್ನ ಅಡುಗೆಗೆ ಒಂದು ದಿನ ಉಪ್ಪು ಜಾಸ್ತಿ, ಒಂದು ದಿನ ಉಪ್ಪೇ ಇಲ್ಲ. ಎರಡನ್ನೂ ಕಲಸಿ ತಿಂದರೆ ಸರಿಹೋಗುತ್ತದೆ. ಸ್ವಲ್ಪ ಇಳಿದಿದ್ದೇನೆ ಎಂದು ಜನ ಹೇಳುತ್ತಾರೆ, ಬೆಲ್ಟು ಹಾಗೇನೂ ಹೇಳುತ್ತಿಲ್ಲ.

ಇಷ್ಟು ಹೊತ್ತಿಗೆ ನಿನಗೆ ಅನುಮಾನ ಬಂದಿರುತ್ತದೆ, ದಿನಾ ಸಂಜೆ ಫೋನ್ ಮಾಡುವವನು ಈಗ ಕಾಗದ ಯಾಕೆ ಬರೆಯುತ್ತಿದ್ದಾನೆ ಎಂದು. ಫೋನಿನಲ್ಲಿ ಹೇಳಿದರೆ ನಿನ್ನ ತಂಗಿ ಸ್ಪೀಕರ್ ಹಾಕುತ್ತಾಳೆ, ಅವಳ ಗಂಡ ಪಕ್ಕದಿಂದ ಸಲಹೆ ಕೊಡುತ್ತಾನೆ, ನೀನು ಅಳುತ್ತೀಯ. ಅದಕ್ಕೇ ಕಾಗದ. ವಿಷಯ ಇಷ್ಟೇ: ಆರು ವಾರದಿಂದ ನಿನಗೆ ಸುಳ್ಳು ಹೇಳುತ್ತಾ ಬಂದಿದ್ದೇನೆ. ನಮ್ಮ ನಾಯಿಯನ್ನು ಎಲ್ಲಿಗೂ ಕಳಿಸಿಲ್ಲ. ಅವನಿಗೆ ದೊರೆ ಎಂದು ಹೆಸರಿಟ್ಟವಳು ನೀನೇ, ಕಳಿಸಿಬಿಡಿ ಎಂದವಳೂ ನೀನೇ. ನೀನು ಸಂಜೆ ಸಂಜೆ “ಹೊಸ ಜಾಗಕ್ಕೆ ಹೊಂದಿಕೊಂಡನಂತಾ?” ಎಂದು ಕೇಳುವಾಗ ನಾನು “ಹೂಂ, ಜೋರಾಗಿದ್ದಾನಂತೆ” ಎನ್ನುತ್ತಿದ್ದೆ. ಆಗ ಅವನು ನನ್ನ ಚಪ್ಪಲಿಯ ಮೇಲೆ ಗಲ್ಲ ಊರಿಕೊಂಡು ಮಲಗಿರುತ್ತಿದ್ದ. ಬೈಯುವುದಾದರೆ ಇಲ್ಲೇ ಕಾಗದ ಮಡಚಿಟ್ಟು, ಮನಸ್ಸಾರೆ ಬೈದು, ಒಂದು ಲೋಟ ನೀರು ಕುಡಿದು, ಆಮೇಲೆ ಮುಂದಕ್ಕೆ ಓದು. ಮುಂದೆ ಒಳ್ಳೆಯ ಸುದ್ದಿಯಿದೆ.

ಆಸ್ಪತ್ರೆಯ ಆ ದಿನ ನಿನಗೆ ಅರ್ಧಂಬರ್ಧ ನೆನಪಿರಬಹುದು. ಮುಖಕ್ಕೆ ಆಕ್ಸಿಜನ್ ಮಾಸ್ಕ್ ಹಾಕಿದ್ದರು. “ಮನೇಲಿ ನಾಯಿ, ಬೆಕ್ಕು ಏನಾದ್ರೂ ಇದೆಯಾ?” ಎಂದು ಡಾಕ್ಟರಮ್ಮ ಕೇಳಿದರೆ ನೀನು ಅದರೊಳಗಿನಿಂದಲೇ ತಲೆ ಅಲ್ಲಾಡಿಸಿ ಇಲ್ಲ ಎಂದೆ. ಆಕೆ ನಿನ್ನ ಸ್ವೆಟರಿನಿಂದ ಒಂದು ಕಂದು ಕೂದಲನ್ನು ಚಿಮುಟಿ ತೆಗೆದು, ಬೆಳಕಿಗೆ ಹಿಡಿದು, ನನ್ನ ಬೋಳು ತಲೆಯನ್ನೊಮ್ಮೆ ನೋಡಿ, “ಇದು ಇವರದಂತೂ ಅಲ್ಲ” ಎಂದರು. ಅಂಥ ಹೊತ್ತಿನಲ್ಲೂ ನನಗೆ ನಗು ಬಂತು, ನೀನು ಕಣ್ಣಿನಲ್ಲೇ ಗದರಿದೆ. ಆಕೆ ಹೇಳಿದ್ದು ನೇರವಾಗಿತ್ತು. ಆರು ವಾರ ಬೇರೆ ಮನೆಯಲ್ಲಿದ್ದು ಔಷಧಿ ಮುಗಿಸಬೇಕು, ಅಷ್ಟರಲ್ಲಿ ಈ ಮನೆಯೊಳಗೆ ನಾಯಿಯ ಕೂದಲಿನ ಒಂದು ಎಳೆಯೂ ಉಳಿದಿರಬಾರದು. ಮನೆಗೆ ಬಂದು ಬಟ್ಟೆ ಜೋಡಿಸಿಕೊಳ್ಳುತ್ತಾ ನೀನು ಗೋಡೆಯ ಕಡೆ ತಿರುಗಿ ಹೇಳಿದೆ: “ನಾನು ವಾಪಸ್ ಬರೋ ಹೊತ್ತಿಗೆ ಅವನಿರಬಾರದು. ಎಲ್ಲಿಗೆ ಕಳಿಸಿದ್ರಿ ಅಂತ ನನಗೆ ಹೇಳಲೂ ಬೇಡಿ. ಗೊತ್ತಾದ್ರೆ ನೋಡೋಕೆ ಹೋಗಿಬಿಡ್ತೀನಿ.” ನಾನು ಹೂಂ ಎಂದೆ. ಆ ಹೂಂ ಮನಸ್ಸಿನಿಂದಲೇ ಬಂದಿತ್ತು, ನಂಬು.

ನೀನು ಹೊರಟ ಮರುದಿನವೇ ಇಟ್ಟಿಗೆ ಗೂಡಿನ ಮೇಸ್ತ್ರಿ ತನ್ನ ಗೂಡ್ಸ್ ಗಾಡಿ ತಂದು ಬಾಗಿಲಲ್ಲಿ ನಿಲ್ಲಿಸಿದ. ಅವನಿಗೆ ಕಾವಲಿಗೆ ನಾಯಿ ಬೇಕಿತ್ತು, ನಮಗೆ ನಾಯಿಗೊಂದು ಜಾಗ ಬೇಕಿತ್ತು. ಮಾತು ಮುಗಿದ ಹಾಗೆಯೇ ಇತ್ತು. ಗಾಡಿಯ ಬಾಗಿಲು ತೆರೆದದ್ದೇ ತಡ, ನಮ್ಮ ದೊರೆ ಯಾರೂ ಕರೆಯದೆ ಹಾರಿ ಹತ್ತಿ, ಡ್ರೈವರ್ ಸೀಟಿನಲ್ಲಿ ಕುಳಿತು, ನಾನೂ ಹತ್ತಲಿ ಎಂದು ಪಕ್ಕಕ್ಕೆ ಸರಿದು ಜಾಗ ಬಿಟ್ಟ. ಬಾಲ ಒಂದೇ ಸಮನೆ ಸೀಟಿಗೆ ಬಡಿಯುತ್ತಿತ್ತು. ನಾನು ಹತ್ತಲಿಲ್ಲ, ಬಾಗಿಲು ಮುಚ್ಚಲೂ ಇಲ್ಲ. ಮೇಸ್ತ್ರಿ ಸ್ವಲ್ಪ ಹೊತ್ತು ನನ್ನನ್ನೂ ನಾಯಿಯನ್ನೂ ಸರದಿಯಲ್ಲಿ ನೋಡಿದ. “ಅಣ್ಣಾ, ನಿಮ್ಮ ಮುಖ ನೋಡಿದ್ರೆ ನಾಯಿ ಬಿಟ್ಟು ನಿಮ್ಮನ್ನೇ ಕರ್ಕೊಂಡು ಹೋಗೋಣ ಅನ್ಸುತ್ತೆ. ಏನು, ಟೈಮ್ ಬೇಕಾ?” ಎಂದ. ಒಳ್ಳೆಯ ಮನುಷ್ಯ. ಹದಿನಾಲ್ಕನೇ ತಾರೀಕು, ಅಂದರೆ ಇವತ್ತು, ಮತ್ತೆ ಬರುವುದೆಂದು ಮಾತಾಯಿತು. ಹದಿನೆಂಟಕ್ಕೆ ನಿನ್ನ ಔಷಧಿ ಮುಗಿಯುತ್ತದೆ, ನೀನು ಮನೆಗೆ ಬರಬೇಕು. ಅದರೊಳಗೆ ದಾರಿ ಸಿಕ್ಕದಿದ್ದರೆ ನಾನೇ ಕೈಯಾರೆ ಅವನನ್ನು ಗಾಡಿ ಹತ್ತಿಸುತ್ತೇನೆ ಎಂದು ಮೇಸ್ತ್ರಿಗೂ ಹೇಳಿದೆ, ನನಗೂ ಹೇಳಿಕೊಂಡೆ.

ಮಾರನೆಯ ದಿನ ಪಾಳಿ ಮುಗಿಸಿ ಡಾಕ್ಟರಮ್ಮನ ಬಾಗಿಲಲ್ಲಿ ಒಂದೂವರೆ ಗಂಟೆ ಕಾದೆ. ನಾಯಿ ಹಿತ್ತಲಿನಲ್ಲಿ ಬೇರೆ ಮನೆ ಮಾಡಿಕೊಂಡು ಇದ್ದರೆ ಆದೀತೇ ಎಂದು ಕೇಳಿದೆ. ಆಕೆ ಕನ್ನಡಕ ತೆಗೆದಿಟ್ಟು ಯೋಚಿಸಿದರು. “ಒಳಗೆ ಒಂದು ಕಾಲೂ ಇಡಬಾರದು. ಅವರ ಕಿಟಕಿಯಿಂದ ದೂರ ಇರಬೇಕು. ತೊಳೆಯೋದು, ಬಾಚೋದು ಎಲ್ಲ ನೀವು, ಅವರಲ್ಲ. ಅವನು ಬಾಗಿಲು ಕೆರೀತಾನೆ ಅಂತ ಒಂದು ದಿನ ಒಳಗೆ ಬಿಟ್ಟರೋ, ಮುಗೀತು” ಎಂದರು. ಐದು ವರ್ಷ ನಿನ್ನ ಮಂಚದ ಕೆಳಗೆ ಮಲಗಿದವನು. ಅವನು ಹೊರಗೆ ನೆಮ್ಮದಿಯಾಗಿ ಇರುವುದನ್ನು ಕಲಿತರೆ ಉಂಟು, ಇಲ್ಲದಿದ್ದರೆ ಇಲ್ಲ. ಅವತ್ತಿನಿಂದ ಅವನು ಹಿಂದಿನ ಜಗಲಿಯಲ್ಲಿ ಹಗ್ಗಕ್ಕೆ, ನಾನು ಅವನ ಪಕ್ಕದಲ್ಲಿ ಮಡಚುವ ಮಂಚಕ್ಕೆ.

ಮನೆ ಕಟ್ಟಲು ಕರೆದದ್ದು ನಮ್ಮ ಅರೆಮಾತಿನ ಬಡಗಿಯನ್ನೇ. ಅವನು ಪೂರ್ತಿ ವಾಕ್ಯ ಆಡಿದ್ದನ್ನು ಈ ಬೀದಿಯಲ್ಲಿ ಯಾರೂ ಕೇಳಿಲ್ಲವಲ್ಲ. ಬಂದ, ಹಿತ್ತಲು ನೋಡಿದ, “ನಾಯಿ ಅಳತೆ” ಎಂದ, ಹೋದ. ನಾನು ಟೇಪು ಹಿಡಿದರೆ ದೊರೆ ಅದನ್ನು ಆಟದ ಸಾಮಾನು ಮಾಡಿಕೊಂಡು ಎಳೆಯುತ್ತಾನೆ, ನಿಲ್ಲುವುದೇ ಇಲ್ಲ. ಕೊನೆಗೆ ಅವನು ಜಗಲಿಯಲ್ಲಿ ಮುದುಡಿ ನಿದ್ದೆ ಹೋದಾಗ ಸೀಮೆಸುಣ್ಣ ತಂದು, ಡಿಪೋದಲ್ಲಿ ಟೈರು ಇಡುವ ಜಾಗಕ್ಕೆ ಗೆರೆ ಎಳೆಯುತ್ತೇವಲ್ಲ ಹಾಗೆ, ಅವನ ಸುತ್ತ ಅಚ್ಚುಕಟ್ಟಾಗಿ ಗೆರೆ ಎಳೆದು ಅಳೆದುಕೊಂಡೆ. ಬುದ್ಧಿ ಓಡಿಸಿದೆ ಎಂದು ಹೆಮ್ಮೆಯೂ ಆಯಿತು. ಮೇಲ್ಮನೆಯ ಟೀಚರಮ್ಮ ಬಾಲ್ಕನಿಯಿಂದ ಬಗ್ಗಿ ನೋಡಿ, “ಏನ್ರೀ ಇದು, ಪೊಲೀಸ್‌ನವರು ಬಂದು ಹೋದ್ರಾ?” ಎಂದು ಗಾಬರಿಯಾದರು.

ಬಡಗಿ ಕೊಟ್ಟ ಅಳತೆಗೆ ತಕ್ಕ ಹಾಗೆ ಚಂದದ ಗೂಡು ಮಾಡಿ ತಂದ. ದೊರೆ ಮೂಸಿ ನೋಡಿ ಒಳಗೆ ಹೋದ. ಹೋದವನಿಗೆ ತಿರುಗಲು ಜಾಗವಿಲ್ಲ. ಒಂದು ನಿಮಿಷ ಒಳಗೇ ಯೋಚಿಸಿ, ಕಿರಿದಾದ ಗಲ್ಲಿಯಿಂದ ಬಸ್ಸು ಹಿಂದಕ್ಕೆ ಬರುವ ಹಾಗೆ ಬಾಲ ಮುಂದೆ ಮಾಡಿಕೊಂಡು ಬಂದ. ನಾನು ಅಭ್ಯಾಸಬಲದಿಂದ ಹಿಂದೆ ನಿಂತು ಗೂಡಿನ ಮೈ ತಟ್ಟುತ್ತಾ “ಬರ್ಲಿ, ಬರ್ಲಿ, ಎಡಕ್ಕೆ” ಎಂದೆ. ಟೈರು ಮಲಗಿದರೂ ನಿಂತರೂ ಒಂದೇ ಅಳತೆ, ನಾಯಿ ಹಾಗಲ್ಲ ಎನ್ನುವುದು ಇಪ್ಪತ್ತೆಂಟು ವರ್ಷ ಟೈರಿನ ಜೊತೆ ಬಾಳಿದವನಿಗೆ ಹೊಳೆಯಲಿಲ್ಲ ನೋಡು. ಬಡಗಿ ನನ್ನನ್ನೂ ಸೀಮೆಸುಣ್ಣದ ಗೆರೆಯನ್ನೂ ನೋಡಿ, “ನಿಂತಾಗ” ಎಂದ. ಸ್ವಲ್ಪ ತಡೆದು “ತಿರುಗಿದಾಗ” ಎಂದ. ಮೊಳೆ ಕೀಳಲು ಕುಳಿತ.

ಈಗಿರುವುದು ಎರಡನೆಯದು. ನಾಲ್ಕು ಅಡಿ ಉದ್ದ, ಮೂರು ಅಡಿ ಅಗಲ. ಮಾಡು ಹಿಂದಕ್ಕೆ ಇಳಿಜಾರು, ಮಳೆನೀರು ಬಾಗಿಲಿಗೆ ಬೀಳದ ಹಾಗೆ. ತಳಕ್ಕೆ ನಾಲ್ಕೂ ಮೂಲೆಯಲ್ಲಿ ಇಟ್ಟಿಗೆ ಕೊಟ್ಟು ನೆಲದಿಂದ ಗೇಣು ಎತ್ತರ ಮಾಡಿದ್ದೇವೆ, ತೇವ ಹತ್ತುವುದಿಲ್ಲ. ಬಾಗಿಲು ನಡುವೆ ಇಲ್ಲ, ಒಂದು ಬದಿಗಿದೆ. ಒಳಗೊಂದು ಅಡ್ಡಹಲಗೆ, ಅದರಾಚೆ ಮಲಗುವ ಜಾಗ. ಗಾಳಿ ಬಾಗಿಲವರೆಗೆ ಬಂದು ಅಲ್ಲಿಂದಲೇ ವಾಪಸ್ ಹೋಗುತ್ತದೆ. ಬಡಗಿಯ ಜಾಣತನ ಎಂದರೆ ಮಾಡಿಗೆ ಕೀಲು ಇಟ್ಟಿದ್ದು. ಪೆಟ್ಟಿಗೆಯ ಮುಚ್ಚಳ ಎತ್ತಿದ ಹಾಗೆ ಎತ್ತಿ ಒಳಗೆಲ್ಲ ಗುಡಿಸಿ ತೊಳೆಯಬಹುದು. ಬಾಗಿಲಿಗೆ ಪರದೆ ನನ್ನದು, ಹಳೆಯ ಟ್ಯೂಬು ಕತ್ತರಿಸಿ ಪಟ್ಟಿ ಪಟ್ಟಿ ಇಳಿಬಿಟ್ಟಿದ್ದೇನೆ. ರಬ್ಬರಿನ ವಾಸನೆ ಎಂದು ನೀನು ಮೂಗು ಮುರಿಯುತ್ತೀಯ, ಅವನಿಗೆ ಅದು ನನ್ನ ವಾಸನೆ.

ಗೂಡಿನ ಮುಂದೆ ಓಡಾಡಲು ಅಂಗಳ. ಹದಿನಾರು ಅಡಿ ಉದ್ದ, ಆರು ಅಡಿ ಅಗಲ, ಹಿಂದಿನ ಗೋಡೆಗೆ ಒರಗಿದ ಹಾಗೆ, ನಿನ್ನ ಕಿಟಕಿಯಿಂದ ದೂರದ ಮೂಲೆಯಲ್ಲಿ. ಕಬ್ಬಿಣದ ಪೈಪಿನ ಚೌಕಟ್ಟು, ಆಳೆತ್ತರದ ಜಾಲರಿ. ಅವನು ಅಗೆಯುವುದರಲ್ಲಿ ಪಂಡಿತನಲ್ಲವೇ, ಅದಕ್ಕೆ ಜಾಲರಿಯನ್ನು ಒಂದು ಅಡಿ ನೆಲದೊಳಕ್ಕೂ ಇಳಿಸಿದ್ದೇವೆ. ಬಾಗಿಲು ಎರಡು, ಒಂದನ್ನು ಮುಚ್ಚಿಯೇ ಇನ್ನೊಂದನ್ನು ತೆರೆಯಬೇಕು. ವೆಲ್ಡಿಂಗ್ ಮಾಡಿದ್ದು ನಮ್ಮ ಡಿಪೋದ ವೆಲ್ಡರ್. “ಇದೇನು ನಾಯಿಗಾ, ಹುಲಿಗಾ? ನಾಳೆ ಟಿಕೆಟ್ ಇಟ್ಟು ಜನರಿಗೆ ತೋರಿಸ್ತೀಯಾ?” ಎಂದು ಕಾಲೆಳೆಯುತ್ತಲೇ ಎರಡು ರಜಾದಿನ ಕೊಟ್ಟ. ನಿನ್ನ ಲಿಂಬೆ ಗಿಡದ ಒಂದು ಕೊಂಬೆಯನ್ನು ಕಡಿಯಬೇಕಾಯಿತು. ಒಂದೇ ಒಂದು. ಬಟ್ಟೆ ಒಣಗಿಸುವ ತಂತಿಯನ್ನು ಆಚೆ ಬದಿಗೆ ಕಟ್ಟಿದ್ದೇನೆ, ಕೂದಲು ಹಾರಿ ಬಟ್ಟೆಗೆ ಕೂರಬಾರದಲ್ಲ.

ಇಷ್ಟಾದರೆ ಮುಗಿಯಿತು ಎಂದುಕೊಂಡಿದ್ದೆ. ಹಗ್ಗದಲ್ಲಿದ್ದಷ್ಟು ದಿನ ನಾನು ಕೆಲಸಕ್ಕೆ ಹೊರಟರೆ ಊರು ಒಂದು ಮಾಡುತ್ತಿದ್ದ. ಅದು ಹಗ್ಗದ ಅಳು, ಅಂಗಳ ಸಿಕ್ಕಿದರೆ ನಿಲ್ಲುತ್ತದೆ ಎಂದು ನನ್ನ ಲೆಕ್ಕ. ಹಗ್ಗ ಬಿಚ್ಚಿದೆ, ಅಳು ನಿಲ್ಲಲಿಲ್ಲ. ನಾನು ಹಿತ್ತಲಿನಲ್ಲಿ ಇದ್ದಷ್ಟು ಹೊತ್ತು ಗೂಡಿನಲ್ಲಿ ಕಾಲು ಚಾಚಿ ಮಲಗುತ್ತಾನೆ. ಬುತ್ತಿ ಹಿಡಿದು, ಎರಡೂ ಬಾಗಿಲು ಹಾಕಿ, ಬೆನ್ನು ತಿರುಗಿಸಿದೆನೋ ಇಲ್ಲವೋ, ಜಾಲರಿಗೆ ಎಗರಲು ಶುರು. ನೆಲ ಕೆರೆದು ಕೆರೆದು ಕೆಳಗಿನ ಜಾಲರಿ ತಗುಲಿ ಉಗುರು ಕಿತ್ತುಕೊಂಡ. ಸಂಜೆ ಬಂದು ನೋಡಿದರೆ ಮುಂಗಾಲಿನಲ್ಲಿ ರಕ್ತ, ತಟ್ಟೆಯಲ್ಲಿ ಬೆಳಗಿನ ಊಟ ಹಾಗೇ. ನೀರನ್ನೂ ಮುಟ್ಟಿಲ್ಲ. ಟೀಚರಮ್ಮ ಮೊದಲ ವಾರ ಸುಮ್ಮನಿದ್ದರು. ಎರಡನೆಯ ವಾರ ಮೆಟ್ಟಿಲಲ್ಲಿ ತಡೆದು, “ನನಗೆ ಸದ್ದಿನ ತೊಂದರೆ ಅಂತಲ್ಲ ಹೇಳ್ತಿರೋದು. ಆ ಜೀವಕ್ಕೆ ಇದು ಬೇಕಾ?” ಎಂದು ಕೇಳಿದರು. ಅವತ್ತು ನನಗೆ ಊಟ ಸೇರಲಿಲ್ಲ. ಅವರು ಕೇಳಿದ್ದರಲ್ಲಿ ತಪ್ಪೇನಿದೆ? ನನ್ನ ಆಸೆಗೆ ಅವನನ್ನು ಪಂಜರದಲ್ಲಿಟ್ಟು ಕೊಲ್ಲುತ್ತಿದ್ದೇನೆ, ಇಟ್ಟಿಗೆ ಗೂಡಿನ ಮೇಸ್ತ್ರಿಯ ಹತ್ತಿರ ಬಯಲಿನಲ್ಲಾದರೂ ಓಡಾಡಿಕೊಂಡಿರುತ್ತಾನೆ ಎನಿಸಿತು. ಮೇಸ್ತ್ರಿಗೆ ಈಗಲೇ ಬಾ ಎಂದು ಹೇಳಲು ಫೋನು ಕೈಗೆ ತೆಗೆದುಕೊಂಡು, ಎರಡು ಸಲ ಇಟ್ಟೆ.

ಅದರ ಮಾರನೆಯ ಬೆಳಿಗ್ಗೆ ಬಡಗಿ ಬಂದ. ದೊರೆ ಎಗರಿ ಎಗರಿ ಸಡಿಲ ಮಾಡಿದ ಚಿಲಕ ಸರಿಮಾಡಬೇಕಿತ್ತು. ಕೆಲಸ ಮುಗಿಸಿದ ಬಡಗಿ ಚೀಲ ಹೆಗಲಿಗೆ ಹಾಕಿ, ತನ್ನ ಪದ್ಧತಿಯಂತೆ ಯಾರಿಗೂ ಏನೂ ಹೇಳದೆ, ಬಾಗಿಲು ದಾಟಿ ಹೊರಟುಹೋದ. ದೊರೆ ಮಲಗಿದ್ದವನು ಕಿವಿ ಸಹ ಎತ್ತಲಿಲ್ಲ. ಐದು ನಿಮಿಷಕ್ಕೆ ನಾನು ಹೊರಟೆ. ಎಂದಿನಂತೆ ಜಾಲರಿಗೆ ಬೆರಳು ತೂರಿಸಿ ಅವನ ಮೂಗು ಸವರಿ, “ಬರ್ತೀನಿ ಕಣೋ” ಎಂದೆ. ಬೆಂಕಿ ತಗುಲಿದ ಹಾಗೆ ಎದ್ದ. ಅದೇ ಕೂಗು, ಅದೇ ಎಗರಾಟ. ಮೇಲಿನಿಂದ ಟೀಚರಮ್ಮ ಕೂಗಿದರು: “ನಿಲ್ಲಿ, ನಿಲ್ಲಿ. ನನಗೀಗ ಗೊತ್ತಾಯ್ತು. ಹದಿನೈದು ದಿನದಿಂದ ನೋಡ್ತಾ ಇದ್ದೀನಿ. ನಿನ್ನೆ ಪೇಪರಿನವನು ಸುಮ್ಮನೆ ಹೋದ, ಇವನೂ ಸುಮ್ಮನಿದ್ದ. ಹಾಲಿನವಳು ‘ಬರ್ತೀನಿ ಟೀಚರ್’ ಅಂದಳು, ಇವನು ಗೋಡೆ ಹತ್ತಿದ. ಅವನಿಗೆ ನೀವು ಹೋಗೋದು ಕಷ್ಟ ಅಲ್ಲ ರೀ. ಆ ಮಾತು ಕಷ್ಟ.”

ಇವಳೇ, ನಾನು ಅಲ್ಲೇ ಬುತ್ತಿ ಹಿಡಿದು ನಿಂತುಬಿಟ್ಟೆ. ನೀನು ಹೊರಟ ದಿನ ಕಣ್ಣ ಮುಂದೆ ಬಂತು. ಆಟೋದವನು ಹಾರ್ನ್ ಹೊಡೆಯುತ್ತಿದ್ದಾನೆ, ನೀನು ಮೂಗಿಗೆ ಬಟ್ಟೆ ಕಟ್ಟಿಕೊಂಡು ಹೊಸ್ತಿಲ ಹತ್ತಿರ ಕೂತು, ಅವನ ಕಿವಿಯಲ್ಲಿ ಮೂರು ಸಲ “ಬರ್ತೀನಿ ಕಣೋ, ಬರ್ತೀನಿ, ಬರ್ತೀನಿ” ಎಂದೆ. ಹೋದವಳು ಬರಲಿಲ್ಲ. ಅದಕ್ಕೆ ಒಂದು ವಾರ ಮುಂಚೆ ನಿನ್ನನ್ನು ಆಸ್ಪತ್ರೆಗೆ ಎತ್ತಿಕೊಂಡು ಹೋದಾಗಲೂ ನಾನು ಅವನಿಗೆ ಹೇಳಿದ್ದು ಅದನ್ನೇ. ನಮ್ಮಲ್ಲಿ ಯಾರೂ ‘ಹೋಗ್ತೀನಿ’ ಅನ್ನುವುದಿಲ್ಲ. ಅಂಗಡಿಗೆ ಹೊರಟವರೂ ಬರ್ತೀನಿ, ಮೂರು ವರ್ಷಕ್ಕೆ ಹೊರಟವರೂ ಬರ್ತೀನಿ. ಹೋಗುವುದನ್ನು ಬರುವುದೆಂದು ಹೇಳಿ ಹೇಳಿ ನಮಗೆ ಅಭ್ಯಾಸ. ಅವನು ಪಾಪ, ಮಾತಿನ ಅರ್ಥ ಬಿಟ್ಟು ಆಮೇಲೆ ಏನಾಗುತ್ತದೆ ಎಂದು ನೋಡುವವನು. ನಮಗೆ ಸಮಾಧಾನದ ಮಾತಾದದ್ದು ಅವನಿಗೆ ಬಾಗಿಲು ಮುಚ್ಚುವ ಸದ್ದಾಗಿತ್ತು. ಎರಡು ವಾರ ದಿನಾ ಬೆಳಿಗ್ಗೆ ನಾನೇ ಪ್ರೀತಿಯಿಂದ ಅವನ ಮೂಗು ಸವರಿ ಆ ಸದ್ದು ಮಾಡುತ್ತಿದ್ದೆ.

ಮೊದಲು ಸುಲಭದ ದಾರಿ ಹಿಡಿದೆ. ಮಾತು ಬದಲಿಸಿ ‘ಹೋಗ್ತೀನಿ’ ಎಂದೆ. ಹೇಳಲು ನಾಲಿಗೆಯೇ ಏಳಲಿಲ್ಲ. ಹೇಗೋ ಹೇಳಿದ್ದಕ್ಕೆ ಟೀಚರಮ್ಮ ಮೇಲಿನಿಂದ “ಬಿಡ್ತು ಅನ್ರೀ” ಎಂದು ಗದರಿದರು. ಏನೂ ಹೇಳದೆ ಕಳ್ಳನ ಹಾಗೆ ಜಾರಿಕೊಂಡರೆ ಅವನು ಸುಮ್ಮನಿರುತ್ತಿದ್ದ, ಅದೇನೋ ನಿಜ. ಆದರೆ ಹಾಲಿನವಳ ಬಾಯಿ, ಗ್ಯಾಸಿನವನ ಬಾಯಿ ಯಾರು ಕಟ್ಟುತ್ತಾರೆ? ಅದೆಲ್ಲ ಹೋಗಲಿ, ನಿನ್ನ ಬಾಯಿ? ನೀನು ಈ ಕೋಣೆಯಿಂದ ಆ ಕೋಣೆಗೆ ಹೋಗಬೇಕಾದರೂ ಬರ್ತೀನಿ ಎನ್ನುವವಳು. ಟೀಚರಮ್ಮನೇ ದಾರಿ ಹೇಳಿದರು: “ಮಾತು ಬದಲಾಯಿಸಬೇಡಿ. ಮಾತಿಗೆ ತಕ್ಕ ಹಾಗೆ ನಡೀರಿ. ಬರ್ತೀನಿ ಅಂದ್ರಲ್ಲ, ಬನ್ನಿ. ಮೂವತ್ತು ವರ್ಷ ಮಕ್ಕಳಿಗೆ ಅಕ್ಷರ ಕಲಿಸಿದ್ದೂ ಹೀಗೇ.”

ಐದು ದಿನ ರಜೆ ಹಾಕಿದೆ. ಬರ್ತೀನಿ ಎನ್ನುವುದು, ಲಿಂಬೆ ಗಿಡದವರೆಗೆ ಹೋಗುವುದು, ಅವನು ಬಾಯಿ ತೆರೆಯುವ ಮುಂಚೆ ವಾಪಸ್ ಬಂದು ಮೂಗು ಸವರುವುದು. ಮತ್ತೆ ಬರ್ತೀನಿ, ಮನೆಯ ಮೂಲೆಯವರೆಗೆ. ಮತ್ತೆ ಬರ್ತೀನಿ, ಮುಂಬಾಗಿಲವರೆಗೆ. ಮೊದಲ ದಿನ ನಲವತ್ತು ಸಲಕ್ಕೆ ನನ್ನ ಮಂಡಿ ಸೋತಿತು, ಅವನ ಗಂಟಲು ಸೋಲಲಿಲ್ಲ. ಎರಡನೆಯ ದಿನ ಮಧ್ಯಾಹ್ನ, ಲಿಂಬೆ ಗಿಡದಿಂದ ತಿರುಗಿ ನೋಡಿದರೆ ಅವನು ಕೂಗುತ್ತಿಲ್ಲ. ನಿಂತಿದ್ದಾನೆ, ತಲೆ ಓರೆ ಮಾಡಿ ನನ್ನನ್ನೇ ನೋಡುತ್ತಿದ್ದಾನೆ. ಏನೋ ಒಂದು ಕೂಡಿಸಿ ಕಳೆಯುತ್ತಿದ್ದಾನೆ ಎನ್ನುವ ಹಾಗೆ. ಮೂರನೆಯ ದಿನ ಬೀದಿಯ ತಿರುವಿನವರೆಗೆ ಹೋದೆ. ಅಂಗಡಿಯವನು, “ಏನ್ ಸ್ವಾಮಿ, ಬೆಳಗಿಂದ ಹನ್ನೊಂದು ಸಲ ಬಂದ್ರಿ, ಒಂದು ಬೆಂಕಿಪೊಟ್ಟಣಾನಾದ್ರೂ ತಗೊಳ್ಳಿ, ನನಗೂ ಮರ್ಯಾದೆ” ಎಂದ. ನಾಲ್ಕನೆಯ ದಿನ ಒಂದು ಗಂಟೆ, ಐದನೆಯ ದಿನ ಅರ್ಧ ದಿನ. ಗುರುವಾರ ಪೂರ್ತಿ ಪಾಳಿಗೆ ಹೋದೆ. ಡಿಪೋದಲ್ಲಿ ಕೈಗೆ ಸಿಕ್ಕ ಸ್ಪ್ಯಾನರ್ ಯಾವುದೆಂದು ನೋಡದೆ ಕೆಲಸ ಮಾಡಿದೆ. ಹನ್ನೆರಡು ಗಂಟೆಗೆ ಟೀಚರಮ್ಮ ಫೋನ್ ಮಾಡಿದರು. “ಮಲಗಿದ್ದಾನೆ. ಗೊರಕೆ ಕೇಳಿಸ್ತಿದೆ. ನೀವು ಅದಕ್ಕೂ ಏನಾದ್ರೂ ಮಾಡಬೇಕು” ಎಂದರು. ನಾನು ಟೈರಿನ ಹಿಂದೆ ಹೋಗಿ ಮುಖ ಒರೆಸಿಕೊಂಡು ಬಂದೆ. ಸಂಜೆ ಬಂದಾಗ ತಟ್ಟೆ ನೆಕ್ಕಿ ತೊಳೆದ ಹಾಗಿತ್ತು.

ಇವತ್ತು ಬೆಳಿಗ್ಗೆ ಮಾತಿನಂತೆ ಮೇಸ್ತ್ರಿ ಬಂದ. ಗಾಡಿ ತಂದಿದ್ದ, ಸರಪಳಿಯನ್ನೂ ತಂದಿದ್ದ. ಹಿತ್ತಲಿಗೆ ಕರೆದುಕೊಂಡು ಹೋಗಿ ಎಲ್ಲ ತೋರಿಸಿದೆ. ಮಾಡು ಎತ್ತಿ ನೋಡಿದ, ಅಡ್ಡಹಲಗೆ ತಟ್ಟಿ ನೋಡಿದ, ಜಾಲರಿ ಹಿಡಿದು ಜಗ್ಗಿದ. “ಅಣ್ಣಾ, ನನ್ನ ಆಳುಗಳ ಶೆಡ್ಡಿಗೂ ಇಂಥ ಮಾಡು ಇಲ್ಲ. ಇವನನ್ನು ಕರ್ಕೊಂಡು ಹೋಗೋ ಬದಲು ನಾನೇ ಇಲ್ಲಿಗೆ ಬಂದುಬಿಡ್ತೀನಿ. ಬಾಡಿಗೆ ಎಷ್ಟು?” ಎಂದ. ಕೊಡಲಾರೆ ಎಂದು ನಾನು ಬಾಯಿಬಿಟ್ಟು ಹೇಳುವ ಪ್ರಸಂಗವೇ ಬರಲಿಲ್ಲ. ಸರಪಳಿ ಸುತ್ತಿ ಜೇಬಿಗೆ ಹಾಕಿಕೊಂಡ. ಆಮೇಲೆ, ನಾನು ತಡೆಯುವಷ್ಟರಲ್ಲಿ, ಇಟ್ಟಿಗೆ ಗೂಡಿನ ಆಚೆಗೂ ಕೇಳುವಂಥ ಅವನ ಆ ಗಂಟಲಿನಲ್ಲಿ, “ಸರಿ ಹಂಗಾದ್ರೆ, ಬರ್ತೀನಿ” ಎಂದ. ಮೇಲೆ ಟೀಚರಮ್ಮ ಬಾಲ್ಕನಿಯ ಕಂಬಿ ಹಿಡಿದುಕೊಂಡರು. ದೊರೆ ತಲೆಯೆತ್ತಿ ಮೇಸ್ತ್ರಿಯನ್ನು ನೋಡಿದ. ಅವನ ಬೆನ್ನು ಬಾಗಿಲು ದಾಟುವವರೆಗೆ ನೋಡಿದ. ಒಂದು ಆಕಳಿಕೆ ತೆಗೆದು, ಗಲ್ಲವನ್ನು ಮತ್ತೆ ಕಾಲಿನ ಮೇಲೆ ಇಟ್ಟುಕೊಂಡ. ನಾನು ಅಲ್ಲೇ ನೆಲದ ಮೇಲೆ ಕುಳಿತು ಎಷ್ಟೋ ಹೊತ್ತು ಸುಮ್ಮನೆ ನಗುತ್ತಿದ್ದೆ. ಅಲ್ಲಿಂದ ಎದ್ದವನೇ ಊಟ ಮಾಡಿ, ಈ ಕಾಗದಕ್ಕೆ ಕುಳಿತಿದ್ದೇನೆ.

ಮನೆಯೊಳಗಿನ ಸುದ್ದಿಯನ್ನೂ ಹೇಳಿಬಿಡುತ್ತೇನೆ. ಪರದೆಗಳನ್ನು ಎರಡು ಸಲ ಬಿಸಿನೀರಿನಲ್ಲಿ ಒಗೆದಿದ್ದೇನೆ. ಹಳೆಯ ಹಾಸಿಗೆ ಕೊಟ್ಟು ಹೊಸದು ತಂದಿದ್ದೇನೆ. ನಿನ್ನ ಮಂಚದ ಕೆಳಗೆ ಹೊಟ್ಟೆಯ ಮೇಲೆ ಮಲಗಿ ಒರೆಸಿದೆ, ಅಲ್ಲಿ ಐದು ವರ್ಷದಿಂದ ಕಳೆದುಹೋಗಿದ್ದ ನನ್ನ ನಾಲ್ಕು ಕಾಲುಚೀಲ ಸಿಕ್ಕವು, ಒಂದೂ ಜೋಡಿಯಲ್ಲ. ಹಿತ್ತಲಿಗೆ ಹೋಗುವಾಗ ನನಗೆ ಬೇರೆ ಅಂಗಿ, ಒಳಗೆ ಬರುವಾಗ ಬೇರೆ. ನಿನ್ನೆ ಡಾಕ್ಟರಮ್ಮನಿಗೆ ಎಲ್ಲ ಹೇಳಿ ಬಂದೆ. “ಬರಲಿ, ನೋಡೋಣ” ಎಂದರು. ಅವರು ನೋಡೋಣ ಎಂದರೆ ನಮ್ಮ ಲೆಕ್ಕದಲ್ಲಿ ಅರ್ಧ ಒಪ್ಪಿಗೆ. ನೀನು ಹೊರಗೆ ಕುರ್ಚಿ ಹಾಕಿಕೊಂಡು ಜಾಲರಿಯಿಂದ ನಾಲ್ಕು ಮಾರು ದೂರ ಕುಳಿತು ಅವನೊಡನೆ ಮಾತಾಡಬಹುದಂತೆ. ಮುಟ್ಟುವ ಮಾತು ಸದ್ಯಕ್ಕೆ ಎತ್ತಬೇಡ ಎಂದಿದ್ದಾರೆ. ಅಷ್ಟು ಸಾಕು ನಮಗೆ.

ಗುರುವಾರ ಬೆಳಗಿನ ಮೊದಲ ಬಸ್ಸಿಗೆ ನಾನೇ ಬಂದು ನಿನ್ನನ್ನು ಕರೆದುಕೊಂಡು ಬರುತ್ತೇನೆ. ನಿನ್ನ ತಂಗಿಗೆ ನನ್ನ ಆಶೀರ್ವಾದ. ಆರು ವಾರ ಅಕ್ಕನನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡಳು, ಆ ಋಣ ಬಾಯಲ್ಲಿ ಹೇಳಿ ತೀರುವುದಲ್ಲ. ಅವಳ ಗಂಡನಿಗೆ ನೆನಪು ಹೇಳು, ಅವನ ಸಲಹೆಗಳನ್ನೆಲ್ಲ ಬಂದ ಮೇಲೆ ಕುಳಿತು ಕೇಳುತ್ತೇನೆ. ಮೆಟ್ಟಿಲು ಇಳಿಯುವಾಗ ಆತುರ ಪಡಬೇಡ. ಬೆಚ್ಚಗಿರು, ತಣ್ಣಗಿನದು ಕುಡಿಯಬೇಡ.

ಇತಿ,
ನಿನ್ನ ‘ಏನ್ರೀ’

ತಾ.ಕ.: ಭಾನುವಾರ ಅಂಚೆಯಿಲ್ಲ, ಕಾಗದವನ್ನು ಐದು ಗಂಟೆಯ ಬಸ್ಸಿನ ಕಂಡಕ್ಟರನ ಕೈಗೆ ಕೊಡಬೇಕು, ಬೇಗ ಬರೆಯುತ್ತೇನೆ. ಹೋದ ವರ್ಷವೆಲ್ಲ ನೀನು ಬಚ್ಚಲಿಗೆ ಹೋಗಿ, ನಲ್ಲಿ ಪೂರ್ತಿ ತಿರುಗಿಸಿ, ಆ ಸದ್ದಿನಲ್ಲಿ ಕೆಮ್ಮುತ್ತಿದ್ದುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಕೇಳಲಿಲ್ಲ. ಕೇಳಿದರೆ ಡಾಕ್ಟರ ಹತ್ತಿರ ಹೋಗಬೇಕು, ಹೋದರೆ ಅವರು ನಾಯಿಯ ಮಾತು ಎತ್ತುತ್ತಾರೆ ಎಂದು ನೀನು ಅಡಗಿಸಿದೆ, ನಾನು ಕಿವುಡನಾದೆ. ಇಬ್ಬರೂ ಸೇರಿ ಅವನನ್ನು ಉಳಿಸಿಕೊಳ್ಳಲು ನಿನ್ನ ಉಸಿರನ್ನು ಅಡ ಇಟ್ಟಿದ್ದೆವು. ಆಸ್ಪತ್ರೆಯ ಆ ಬೆಂಚಿನಲ್ಲಿ ಕುಳಿತಾಗಿನಿಂದ ಇದನ್ನು ನಿನಗೆ ಹೇಳಬೇಕೆಂದಿದ್ದೆ, ಎದುರಿಗೆ ಹೇಳುವ ಧೈರ್ಯ ಬರಲಿಲ್ಲ. ಗೂಡು ಗಟ್ಟಿಯಾಗಿದೆ, ಅಂಗಳ ಗಟ್ಟಿಯಾಗಿದೆ, ಆದರೂ ನಿನ್ನ ಎದೆ ಏನು ಹೇಳುತ್ತದೋ ಯಾರಿಗೆ ಗೊತ್ತು. ಮೇಸ್ತ್ರಿ ತನ್ನ ನಂಬರು ಗೋಡೆಯ ಮೇಲೆ ಬರೆದು ಹೋಗಿದ್ದಾನೆ, ನಾನು ಅದನ್ನು ಅಳಿಸಿಲ್ಲ. ಮನೆಗೆ ಬಂದ ಮೇಲೆ ಕೆಮ್ಮು ಬಂದರೆ ನಲ್ಲಿ ತಿರುಗಿಸಬೇಡ. ನಡುಮನೆಯಲ್ಲಿ ನಿಂತು ಜೋರಾಗಿ ಕೆಮ್ಮು. ನಾನು ಕೇಳಿಸಿಕೊಳ್ಳುತ್ತೇನೆ.